ಮುಟ್ಟಿ ನೋಡು, ಕಾದು ನೋಡು

ಬೆಳ್ಳನೆಯ ಪಿಂಗಾಣಿ ಕಮೋಡ್ ಒಂದು ನಿಂತಿದೆ. ಅದರೊಳಗಿಂದ ಕುಡಿಯುವ ನೀರು ಸಣ್ಣ ಬುಗ್ಗೆಯಾಗಿ ಚಿಮ್ಮುತ್ತದೆ. ಈ ಕಮೋಡನ್ನು ಯಾರೂ ಎಂದೂ ಬಳಸಿಲ್ಲ. ನೀರು ಶುದ್ಧ, ಧೈರ್ಯವಾಗಿ ಕುಡಿಯಬಹುದು. ಇಷ್ಟು ಗೊತ್ತಿದ್ದೂ ಸುತ್ತ ಹತ್ತು ಹನ್ನೆರಡು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದಾರೆ. ‘ನೀನು ಮೊದಲು’ ಎಂಬ ತಳ್ಳಾಟ. ನನ್ನ ಸರದಿ ಬಂದಾಗ ಬಗ್ಗಿದೆ. ನೀರು ತುಟಿಗೆ ತಾಗಿತು, ಬಾಯೊಳಗೂ ಬಂತು, ಗಂಟಲು ಮಾತ್ರ ಬಾಗಿಲು ತೆರೆಯಲಿಲ್ಲ. ಮೂರನೇ ಸಲ ಕಣ್ಣು ಮುಚ್ಚಿ ನುಂಗಿದೆ. ರುಚಿ ಏನು ಅಂದರೆ, ನೀರಿನದೇ.

ಅಜ್ಜಿಯ ಮನೆಯಲ್ಲಿ ಒಂದೇ ಬಾವಿಯಿಂದ ಸೇದಿದ ನೀರು ಒಂದು ಕೊಡದಲ್ಲಿದ್ದರೆ ಮಡಿ, ಪಕ್ಕದ ಕೊಡದಲ್ಲಿದ್ದರೆ ಮೈಲಿಗೆ. ಕಾಲೇಜಿಗೆ ಹೋದ ಮೇಲೆ ನಾವೆಲ್ಲ ಅದನ್ನು ನಕ್ಕು ಬಿಟ್ಟೆವು, ಬಿಟ್ಟೆವು ಅಂದುಕೊಂಡೆವು. ಆ ಕಮೋಡಿನ ಮುಂದೆ ಬಗ್ಗಿದಾಗ ಅಜ್ಜಿ ನನ್ನ ಗಂಟಲಲ್ಲಿ ಇನ್ನೂ ಕಾಲು ಚಾಚಿ ಕೂತಿದ್ದಾಳೆ ಎಂದು ಗೊತ್ತಾಯಿತು. ಇದೇ ಗಂಟಲಿನ ತರ್ಕ ಊರಿನ ಎಷ್ಟೋ ಮಂದಿಯನ್ನು ಕೆರೆ ಬಾವಿಗಳ ಹತ್ತಿರ ಸುಳಿಯಗೊಡದೆ ಇಟ್ಟಿತ್ತಲ್ಲ ಎಂಬುದು ಮರುಕ್ಷಣ ಹೊಳೆದು, ತುಟಿಯ ಮೇಲಿದ್ದ ನಗು ಆರಿತು. ಇಂಗ್ಲಿಷಿನಲ್ಲಿ ಈ ಕೃತಿಯ ಹೆಸರು ‘ಎ ಸಿಪ್ ಆಫ್ ಕಾನ್‌ಫ್ಲಿಕ್ಟ್’. ಒಂದು ಗುಟುಕು ತಿಕ್ಕಾಟ ಎಂದು ನಾನು ಕನ್ನಡಿಸಿಕೊಂಡೆ. ಇದು ಮನಶ್ಶಾಸ್ತ್ರದ ಪ್ರಯೋಗವೋ ಶಿಲ್ಪವೋ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಉತ್ತರ ಸುಲಭವಾಗಿ ಸಿಗದ ಇಂಥ ವಸ್ತುಗಳನ್ನೇ ಒಟ್ಟುಮಾಡಿದ ಮನೆ ಅದು.

ಸ್ಯಾನ್ ಫ್ರಾನ್ಸಿಸ್ಕೋದ ಕಡಲಂಚಿನ ರಸ್ತೆಯಲ್ಲಿ, ಹಳೆಯ ಹಡಗುಕಟ್ಟೆಯ ಮೇಲಿನ 15ನೇ ಪಿಯರ್‌ನ ಉದ್ದನೆಯ ಶೆಡ್ಡಿನಲ್ಲಿ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯ ಇದೆ. ಪ್ರತಿ ಗುರುವಾರ ಸಂಜೆ 6ರಿಂದ 10ರವರೆಗೆ ಇಲ್ಲಿ ‘ಆಫ್ಟರ್ ಡಾರ್ಕ್’ ನಡೆಯುತ್ತದೆ. 18 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ. ಹಳೆಯ ಕಟ್ಟಡದಲ್ಲಿದ್ದಾಗ ತಿಂಗಳಿಗೊಂದಿದ್ದ ಸಂಜೆ ಈಗ ವಾರಕ್ಕೊಂದಾಗಿದೆ. ವಾರವಾರ ಒಂದೊಂದು ವಿಷಯ. ಅದರ ಸುತ್ತ ಒಂದು ಉಪನ್ಯಾಸ, ಒಂದಿಷ್ಟು ಕಿರುಚಿತ್ರ, ಮೇಜಿನ ಮೇಲೆ ಕೈಯಾರೆ ಮಾಡುವ ಕೆಲಸ, ಜೊತೆಗೆ ಬಾರ್. ಫ್ರೀಮಾಂಟಿನಲ್ಲಿರುವ ತಮ್ಮನ ಮನೆಗೆ ಹೋದಾಗ, ಅಕ್ಟೋಬರಿನ ಒಂದು ಗುರುವಾರ, ಅವನ ಹೆಂಡತಿಯೊಡನೆ ರೈಲು ಹತ್ತಿ ಹೋದೆ. ತಮ್ಮ ಬರಲಿಲ್ಲ. ‘ಮಕ್ಕಳ ಮ್ಯೂಸಿಯಂಗೆ ಮಕ್ಕಳಿಲ್ಲದೆ ಹೋಗುವುದೇನು’ ಎಂಬುದು ಅವನ ತಕರಾರು. ಆ ತಕರಾರಿಗೆ ಉತ್ತರ ಹುಡುಕುತ್ತ ಬರೆದದ್ದು ಈ ವಿಮರ್ಶೆ.

ಕನ್ನಡದಲ್ಲಿ ‘ನೋಡು’ ಎಂಬ ಕ್ರಿಯಾಪದ ಕಣ್ಣಿಗೆ ಮಾತ್ರ ಸೇರಿದ್ದಲ್ಲ. ಸಾರಿನ ರುಚಿ ನೋಡುತ್ತೇವೆ, ಹೂವನ್ನು ಮೂಸಿ ನೋಡುತ್ತೇವೆ, ಹಣೆ ಮುಟ್ಟಿ ಜ್ವರ ನೋಡುತ್ತೇವೆ, ಕದ ತಟ್ಟಿ ನೋಡುತ್ತೇವೆ, ಯಾರನ್ನೋ ಕೇಳಿ ನೋಡುತ್ತೇವೆ. ಯಾವ ಕ್ರಿಯೆಗೆ ಅಂಟಿಸಿದರೂ ‘ನೋಡು’ ಅದನ್ನು ಪರೀಕ್ಷೆಯಾಗಿ ಮಾರ್ಪಡಿಸುತ್ತದೆ. ಮಾಡಿ ನೋಡು ಎಂದರೆ ಪ್ರಯೋಗ ಮಾಡು ಎಂದೇ. ಎಕ್ಸ್‌ಪ್ಲೊರೇಟೋರಿಯಂ ಅರ್ಧ ಶತಮಾನಕ್ಕೂ ಮೇಲಾಗಿ ಹೇಳಿಕೊಂಡು ಬಂದ ತತ್ವವನ್ನು ನಮ್ಮ ಅಡುಗೆಮನೆಯ ವ್ಯಾಕರಣ ಮೊದಲೇ ಹೇಳಿತ್ತು. ಆದರೆ ಅದೇ ವ್ಯಾಕರಣದಲ್ಲಿ ಇನ್ನೊಂದು ರೂಪವೂ ಇದೆ: ಕಾದು ನೋಡು. ಆ ಸಂಜೆ ಗೆದ್ದದ್ದೆಲ್ಲಿ, ಸೋತದ್ದೆಲ್ಲಿ ಎಂದು ಅಳೆಯಲು ನನಗೆ ಈ ಎರಡು ರೂಪಗಳೇ ಸಾಕಾದವು.

ಈ ಮನೆ ಕಟ್ಟಿದವರ ಕಥೆಯಲ್ಲೂ ಈ ಎರಡೂ ಇವೆ. ಫ್ರಾಂಕ್ ಓಪನ್‌ಹೈಮರ್, ಅಣುಬಾಂಬಿನ ರಾಬರ್ಟ್ ಓಪನ್‌ಹೈಮರ್‌ನ ತಮ್ಮ, 1912ರಲ್ಲಿ ಹುಟ್ಟಿದವರು. ತಾವೂ ಭೌತವಿಜ್ಞಾನಿ, ಅಣ್ಣನ ಜೊತೆ ಬಾಂಬಿನ ಯೋಜನೆಯಲ್ಲಿ ದುಡಿದವರು, 1945ರ ಮೊದಲ ಸ್ಫೋಟವನ್ನು ಮರುಭೂಮಿಯಲ್ಲಿ ಕಣ್ಣಾರೆ ಕಂಡವರು. ಹಿಂದೊಮ್ಮೆ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದುದನ್ನು 1949ರಲ್ಲಿ ಸಂಸತ್ತಿನ ಸಮಿತಿಯೆದುರು ಒಪ್ಪಿಕೊಂಡ ಮೇಲೆ ಮಿನೆಸೋಟ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಬೇರೆಲ್ಲೂ ಕೆಲಸ ಸಿಗದೆ ಕೊಲರಾಡೋದ ಪಗೋಸಾ ಸ್ಪ್ರಿಂಗ್ಸ್ ಬಳಿಯ ಬೆಟ್ಟಗಳಲ್ಲಿ ದನ ಸಾಕಿಕೊಂಡು ವರ್ಷಗಟ್ಟಲೆ ಕಳೆದರು. ವಿಜ್ಞಾನಕ್ಕೆ ಅವರು ಮರಳಿ ಬಂದದ್ದು ಆ ಹಳ್ಳಿಯ ಹೈಸ್ಕೂಲಿನ ಬಾಗಿಲಿನಿಂದ. ಮುಂದೆ ಕೊಲರಾಡೋ ವಿಶ್ವವಿದ್ಯಾಲಯ ಸೇರಿ, ವಿದ್ಯಾರ್ಥಿಗಳು ತಮಗೆ ಬೇಕಾದಾಗ ಬಂದು, ಬೇಕಾದಷ್ಟು ಹೊತ್ತು ಮಾಡಿ ನೋಡಬಹುದಾದ ಪ್ರಯೋಗಗಳ ಒಂದು ‘ಗ್ರಂಥಾಲಯ’ವನ್ನೇ ಕಟ್ಟಿದರು. ಪುಸ್ತಕದ ಬದಲು ಉಪಕರಣ, ತರಗತಿಯ ಗಂಟೆಯ ಬದಲು ಬಿಡುವು.

1965ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ವಿಜ್ಞಾನ ಸಂಗ್ರಹಾಲಯಗಳನ್ನು ಸುತ್ತಿದ ಮೇಲೆ, ಆ ಗ್ರಂಥಾಲಯವನ್ನು ಊರಿಗೇ ತೆರೆದಿಡುವ ಹುಚ್ಚು ಹತ್ತಿತು. 1969ರಲ್ಲಿ, 57ರ ಹೊತ್ತಿಗೆ, ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್ ಎಂಬ ಕಟ್ಟಡದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಶುರುಮಾಡಿದರು. 1915ರ ಜಾಗತಿಕ ಮೇಳಕ್ಕೆ ಎದ್ದ ಅರಮನೆಯದು. ಮೇಳ ಮುಗಿದ ಮೇಲೆ ಟೆನ್ನಿಸ್ ಅಂಕಣವಾಗಿ, ಯುದ್ಧಕಾಲದಲ್ಲಿ ಸೇನೆಯ ವಾಹನಗಳ ಕೊಟ್ಟಿಗೆಯಾಗಿ ದಿನ ದೂಡಿತ್ತು. ಹೊಸ ಸಂಗ್ರಹಾಲಯದಲ್ಲಿ ಮೊದಲ ದಿನಗಳಲ್ಲೇ ಕಾಣಿಸಿಕೊಂಡದ್ದು ಒಂದು ಕಲಾಪ್ರದರ್ಶನ: ಲಂಡನ್ನಿನಲ್ಲಿ ಯಾಸಿಯಾ ರೈಖಾರ್ಟ್ 1968ರಲ್ಲಿ ಜೋಡಿಸಿದ್ದ, ಕಂಪ್ಯೂಟರು ಮತ್ತು ಕಲೆಯ ‘ಸೈಬರ್ನೆಟಿಕ್ ಸೆರೆಂಡಿಪಿಟಿ’. ಕಲೆ ಇಲ್ಲಿಗೆ ಆಮೇಲೆ ಕರೆಸಿಕೊಂಡ ಅತಿಥಿಯಾಗಿ ಬರಲಿಲ್ಲ. ಗೃಹಪ್ರವೇಶದ ದಿನವೇ ಒಳಗಿತ್ತು. ಕಲಾವಿದ ಬಾಬ್ ಮಿಲ್ಲರ್ ಕನ್ನಡಿಗಳಿಂದ ಬಿಸಿಲನ್ನು ಒಳಗೆ ತಂದು, ಪ್ರಿಸಮ್‌ಗಳಿಂದ ಒಡೆದು, ನೂರಾರು ಕನ್ನಡಿ ಪಟ್ಟಿಗಳಿಂದ ಪರದೆಯ ಮೇಲೆ ಬಣ್ಣವಾಗಿ ಚೆಲ್ಲಿಸಿದ ‘ಸನ್ ಪೇಂಟಿಂಗ್’ ಆ ಕಾಲದ್ದು. ಅದನ್ನು ಬರೆಯುವವನು ಸೂರ್ಯ, ತಿದ್ದುವವರು ನಡುವೆ ಕೈಯಿಟ್ಟ ಸಂದರ್ಶಕರು. ಮೋಡ ಬಂದರೆ ಚಿತ್ರಕ್ಕೆ ಬಿಡುವು. ಕತ್ತಲಾದ ಮೇಲಿನ ಕಾರ್ಯಕ್ರಮದಲ್ಲಿ ಅಂಥ ಕೃತಿಗೆ ಜಾಗವೇ ಇಲ್ಲವಲ್ಲ ಎಂಬುದು ಬಾಗಿಲಲ್ಲೇ ನನಗೆ ಚುಚ್ಚಿತು.

ಸಂಗ್ರಹಾಲಯ ಈಗಿನ ಜಾಗಕ್ಕೆ ಬಂದದ್ದು 2013ರ ಏಪ್ರಿಲ್‌ನಲ್ಲಿ. ಆದರೆ ಹಳೆಯ ಒಂದು ಅಭ್ಯಾಸವನ್ನು ಹೊಸ ಮನೆಗೂ ಹೊತ್ತು ತಂದಿದ್ದಾರೆ: ವರ್ಕ್‌ಶಾಪನ್ನು ಬಚ್ಚಿಡುವುದಿಲ್ಲ. ಲೇತು, ಗರಗಸ, ವೆಲ್ಡಿಂಗು ಎಲ್ಲ ಸಂದರ್ಶಕರ ಕಣ್ಣಿಗೆ ಬೀಳುತ್ತವೆ. ಪ್ರದರ್ಶಿಕೆಗಳನ್ನು ಕಟ್ಟುವ ಬಗೆಯನ್ನು ಮೂರು ಸಂಪುಟಗಳ ‘ಕುಕ್‌ಬುಕ್’ ಮಾಡಿ ಜಗತ್ತಿಗೆ ಹಂಚಿದ ಸಂಸ್ಥೆಗೆ ಇದು ಸಹಜವೇ. ಒಲೆ ಕಾಣುವಂತೆ ಇಟ್ಟ ದರ್ಶಿನಿ ಹೋಟೆಲಿನಂತೆ ಇದು ಒಂದು ಬಗೆಯ ಪ್ರಾಮಾಣಿಕತೆ. ಇಲ್ಲಿನ ಪ್ರದರ್ಶಿಕೆಗಳು ಹೊಳಪಿಗೆ ಹೆಸರಾದವಲ್ಲ. ಬೋಲ್ಟು ಕಾಣುತ್ತದೆ, ಕೈ ಸವೆಸಿದ ಮರದ ಹಿಡಿ ಕಾಣುತ್ತದೆ, ತೇಪೆಯೂ ಕಾಣುತ್ತದೆ.

ಒಳಗೆ ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಬಣ್ಣದ ನೆರಳುಗಳ ಮುಂದೆ. ಕೆಂಪು, ಹಸಿರು, ನೀಲಿಯ ಮೂರು ದೀಪಗಳು ಒಂದೇ ಗೋಡೆಗೆ ಬೀಳುತ್ತವೆ. ಮೂರೂ ಬೆರೆತಲ್ಲಿ ಗೋಡೆ ಬರೀ ಬಿಳಿ. ನಡುವೆ ಕೈ ಹಿಡಿದರೆ ಒಂದು ಕೈಗೆ ಮೂರು ನೆರಳು. ಕೆಂಪು ದೀಪಕ್ಕೆ ಅಡ್ಡ ಬಂದ ಕಡೆ ಹಸಿರು ನೀಲಿ ಉಳಿದು ತಿಳಿನೀಲಿ ನೆರಳು. ಹಸಿರಿಗೆ ಅಡ್ಡ ಬಂದರೆ ಮಜಂಟ. ನೀಲಿಗೆ ಅಡ್ಡ ಬಂದರೆ ಹಳದಿ. ಎರಡು ನೆರಳು ಒಂದರ ಮೇಲೊಂದು ಕೂತಲ್ಲಿ ಮೂರನೇ ದೀಪದ ಅಪ್ಪಟ ಬಣ್ಣ. ಮೂರೂ ಕೂಡಿದಲ್ಲಿ ಮಾತ್ರ ನಾವು ನೆರಳು ಎಂದು ಕರೆಯುವ ಕಪ್ಪು. ನನ್ನ ನಾದಿನಿ ಸಾಫ್ಟ್‌ವೇರ್ ಪರದೆಗಳ ವಿನ್ಯಾಸಕಿ. ದಿನವಿಡೀ ಇದೇ ಮೂರು ಬಣ್ಣಗಳನ್ನು ಅಂಕಿಗಳಲ್ಲಿ ಬೆರೆಸುವವಳು ಹತ್ತು ನಿಮಿಷ ಬೆರಳಾಡಿಸಿಕೊಂಡು ನಿಂತಳು.

ನನಗೆ ಅಲ್ಲಿ ನೆನಪಾದದ್ದು ನಮ್ಮ ತೊಗಲುಬೊಂಬೆ. ತೆಳ್ಳಗೆ ಹದಮಾಡಿದ ಚರ್ಮಕ್ಕೆ ಬಣ್ಣ ಹಚ್ಚಿ ದೀಪದ ಮುಂದೆ ಹಿಡಿದಾಗ ಪರದೆಯ ಮೇಲೆ ಬೀಳುವ ಕೆಂಪು ಹಸಿರಿನ ರಾವಣ. ಅಲ್ಲಿ ಬಣ್ಣ ಬೊಂಬೆಯದು. ಬೆಳಕು ಅದರ ಮೂಲಕ ಹಾದು ಬರುತ್ತದೆ. ಇಲ್ಲಿ ಬೊಂಬೆಗೆ, ಅಂದರೆ ನನ್ನ ಕೈಗೆ, ಬಣ್ಣವಿಲ್ಲ; ಒಂದು ಬೆಳಕು ಗೈರುಹಾಜರಾದದ್ದೇ ಬಣ್ಣ. ಗೈರುಹಾಜರಿಗೂ ಬಣ್ಣವಿರುತ್ತದೆ ಎಂಬುದನ್ನು ಯಾವ ಫಲಕ ಹೇಳಿದ್ದರೂ ನಾನು ಓದಿ ಮುಂದೆ ಹೋಗುತ್ತಿದ್ದೆ. ಕೈಯಾಡಿಸಿ ಕಂಡಿದ್ದರಿಂದ ಅದು ನನ್ನದಾಯಿತು. ಇಲ್ಲಿನ ಫಲಕಗಳ ಕ್ರಮವನ್ನೂ ಮೆಚ್ಚಬೇಕು. ಏನು ಮಾಡಬೇಕು, ಏನನ್ನು ಗಮನಿಸಬೇಕು ಎಂಬುದು ಮೊದಲು. ನಡೆಯುತ್ತಿರುವುದೇನು ಎಂಬ ವಿವರಣೆ ಕೊನೆಗೆ. ಒಳ್ಳೆಯ ಕಥೆಗಾರ ಅಂತ್ಯವನ್ನು ಮೊದಲ ಪುಟದಲ್ಲಿ ಹೇಳುವುದಿಲ್ಲವಲ್ಲ, ಹಾಗೆ.

ಇನ್ನೊಂದು ಮೇಜಿನ ಹತ್ತಿರ ಹಸುವಿನ ಕಣ್ಣನ್ನು ಬಿಡಿಸಿ ತೋರಿಸುತ್ತಿದ್ದರು. ಇದು ಈ ಸಂಗ್ರಹಾಲಯದ ಹಳೆಯ, ಹೆಸರುವಾಸಿ ಪ್ರಾತ್ಯಕ್ಷಿಕೆ. ಕಸಾಯಿಖಾನೆಯಿಂದ ಬಂದ ಕಣ್ಣು. ನಮ್ಮಲ್ಲಿ ಹಲವರಿಗೆ ಇಲ್ಲಿ ಕಾಲು ಹಿಂದೆ ಸರಿದೀತು, ನನ್ನದೂ ಅರ್ಧ ಹೆಜ್ಜೆ ಸರಿಯಿತು. ಕತ್ತರಿ ಹಿಡಿದವಳು ಇನ್ನೂ ಕಾಲೇಜು ಹುಡುಗಿಯಂತಿದ್ದಳು. ಇವರನ್ನು ಇಲ್ಲಿ ‘ಎಕ್ಸ್‌ಪ್ಲೇನರ್’ ಎನ್ನುತ್ತಾರೆ. ವಿದ್ವಾಂಸರ ಬದಲು ಹದಿಹರೆಯದವರನ್ನು ಈ ಕೆಲಸಕ್ಕೆ ಹಚ್ಚುವ ಪದ್ಧತಿ ಫ್ರಾಂಕ್ ಕಾಲದ್ದು. ಆಕೆ ಹೊರಪೊರೆ ಕತ್ತರಿಸಿ, ಗಾಜಿನ ಗೋಲಿಯಂಥ ಮಸೂರವನ್ನು ಹೊರತೆಗೆದು, ಒಂದು ಹಾಳೆಯ ಅಕ್ಷರಗಳ ಮೇಲಿಟ್ಟಳು. ಅಕ್ಷರಗಳು ದೊಡ್ಡದಾಗಿ ಕಂಡವು. ಹಸುವಿನ ಕಣ್ಣಿನಿಂದ ನಾವು ಓದುತ್ತಿದ್ದೆವು!

ಆಮೇಲೆ ಒಳಗೋಡೆಯನ್ನು ಮಗುಚಿದಳು. ನವಿಲುಗರಿಯ ನೀಲಿ ಹಸಿರು ಮಿರುಗು. ಕಣ್ಣಿನ ಹಿಂಭಾಗದಲ್ಲಿ ಇರುವ ಈ ಪದರ, ಒಮ್ಮೆ ಹಾದುಹೋದ ಬೆಳಕನ್ನು ಅಕ್ಷಿಪಟಕ್ಕೆ ಇನ್ನೊಮ್ಮೆ ಹಿಂದಿರುಗಿಸುತ್ತದೆ, ಮಬ್ಬುಗತ್ತಲಲ್ಲಿ ನೋಟಕ್ಕೆ ಎರಡನೇ ಅವಕಾಶ ಕೊಡುತ್ತದೆ. ಮನುಷ್ಯರ ಕಣ್ಣಿನಲ್ಲಿ ಅದಿಲ್ಲ. ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ತಿರುವಿನಲ್ಲಿ ದೀಪದ ಬೆಳಕಿಗೆ ಜೋಡಿ ಕೆಂಡಗಳಂತೆ ಹೊಳೆದು ಬೆಚ್ಚಿಬೀಳಿಸಿದ ಕಣ್ಣುಗಳಿಗೆ ಐವತ್ತು ವರ್ಷದ ಮೇಲೆ ಕಾರಣ ಸಿಕ್ಕಿತು. ಕಾರಣ ಸಿಕ್ಕರೆ ಬೆರಗು ಕಡಿಮೆಯಾಗುತ್ತದೆ ಎನ್ನುವವರನ್ನು ಆ ಮೇಜಿನ ಮುಂದೆ ನಿಲ್ಲಿಸಬೇಕು. ಅಷ್ಟು ಸುಂದರವಾದದ್ದನ್ನು ಪ್ರಾಣಿಯೊಂದು ಯಾರಿಗೂ ತೋರಿಸದೆ ತಲೆಯೊಳಗೆ ಇಟ್ಟುಕೊಂಡಿತ್ತು ಎಂಬುದು ನನಗೆ ಆ ಸಂಜೆಯ ಅತಿ ದೊಡ್ಡ ಕಲಾನುಭವ. ಅದನ್ನು ಮಾಡಿದ ಕಲಾವಿದ ಯಾರೂ ಇಲ್ಲ.

ಕಲಾವಿದೆಯ ಹೆಸರು ದೊಡ್ಡದಾಗಿ ನಿಲ್ಲುವುದು ಹೊರಗೆ, ಎರಡು ಪಿಯರ್‌ಗಳ ನಡುವಿನ ಸೇತುವೆಯ ಮೇಲೆ. ಜಪಾನಿನ ಫುಜಿಕೊ ನಕಾಯ 2013ರಲ್ಲಿ ಮಾಡಿದ ‘ಫಾಗ್ ಬ್ರಿಜ್ 72494’. ಸುಮಾರು 150 ಅಡಿ ಉದ್ದ, 800ಕ್ಕೂ ಹೆಚ್ಚು ನಳಿಕೆಗಳು. ಒತ್ತಡದಲ್ಲಿ ತಳ್ಳಿದ ನೀರು ಅವುಗಳ ಸೂಜಿಕಣ್ಣಿನಿಂದ ಸಿಡಿದು ಮಂಜಾಗುತ್ತದೆ. ಹೆಸರಿನಲ್ಲಿರುವ ಅಂಕಿ ಹತ್ತಿರದ ಹವಾಮಾನ ಕೇಂದ್ರಕ್ಕಿರುವ ಅಂತರರಾಷ್ಟ್ರೀಯ ಸಂಖ್ಯೆ. ನಕಾಯರ ತಂದೆ ಉಕಿಚಿರೊ ನಕಾಯ 1930ರ ದಶಕದಲ್ಲಿ ಹೊಕ್ಕೈಡೊದ ಪ್ರಯೋಗಾಲಯದಲ್ಲಿ ಮೊದಲ ಕೃತಕ ಹಿಮಹರಳು ಬೆಳೆಸಿದ ಭೌತವಿಜ್ಞಾನಿ. ಅಪ್ಪ ನೀರನ್ನು ಹರಳಾಗಿ ನಿಲ್ಲಿಸಿದರು. ಮಗಳು ನೀರಿಗೆ ನಿಲ್ಲದ ರೂಪ ಕೊಟ್ಟರು. 1970ರ ಒಸಾಕಾ ಮೇಳದಲ್ಲಿ ಒಂದು ಇಡೀ ಕಟ್ಟಡವನ್ನು ಮಂಜಿನಲ್ಲಿ ಮುಚ್ಚಿದಾಗಲೇ ಅವರು ರಾಸಾಯನಿಕದ ಹೊಗೆ ಬೇಡ, ಉಸಿರಾಡಬಹುದಾದ ಬರೀ ನೀರೇ ಬೇಕೆಂದು ಹಟ ಹಿಡಿದಿದ್ದರು. ಆ ಹಟದ ಫಲವನ್ನು ಇಂದು ನಾವು ಮುಖದ ಮೇಲೆ ಅನುಭವಿಸುತ್ತೇವೆ.

ಮಡಿಕೇರಿ, ಆಗುಂಬೆಗಳ ಮಂಜು ಕಂಡವರಿಗೆ ನಳಿಕೆಯ ಮಂಜಿನಲ್ಲೇನು ವಿಶೇಷ ಎಂದು ನಾನೂ ಅಂದುಕೊಂಡೇ ಹೆಜ್ಜೆಯಿಟ್ಟೆ. ಎಂಟು ಹತ್ತು ಹೆಜ್ಜೆಗೆ ಕಟಕಟೆ ಮಾಯ, ನೀರು ಮಾಯ, ಊರಿನ ದೀಪಗಳು ಮಾಯ. ನಾದಿನಿಯ ದನಿ ಎಡಗಡೆಯಿಂದ ಬಂತು, ಆಕೆ ಬಲಗಡೆ ಸಿಕ್ಕಳು. ಕಡಲಗಾಳಿ ಒಮ್ಮೆ ತಿರುಗಿದಾಗ ಇಡೀ ಶಿಲ್ಪ ಪಕ್ಕಕ್ಕೆ ವಾಲಿ ನೀರಿನ ಮೇಲೆ ತೆವಳಿಕೊಂಡು ಹೋಯಿತು. ನಾವು ದಂಗಾಗಿ ಒದ್ದೆ ಕನ್ನಡಕಗಳನ್ನು ಒರೆಸಿಕೊಂಡೆವು. ಬೆಟ್ಟದ ಮಂಜು ನಮಗಾಗಿ ಬರುವುದಿಲ್ಲ, ನಮ್ಮ ಸುತ್ತ ಸುಮ್ಮನೆ ಇರುತ್ತದೆ. ಇಲ್ಲಿ ಶುರುವಾಗುವುದೂ ಮುಗಿಯುವುದೂ ಕಾಣುವುದರಿಂದ ಅದರ ನಡೆಯನ್ನು ಓದಲು ಬರುತ್ತದೆ: ಗಾಳಿ ಎತ್ತ, ತೇವ ಎಷ್ಟು, ಹನಿ ಎಷ್ಟು ಹೊತ್ತು ಬದುಕುತ್ತದೆ. ಕಾಣದ ಗಾಳಿಗೆ ಮೈ ಕೊಟ್ಟ ಕೃತಿ ಇದು. ಜನ ಮಾತು ನಿಲ್ಲಿಸಿದ್ದನ್ನು ಆ ಸಂಜೆ ನಾನು ಕಂಡದ್ದು ಇದೊಂದೇ ಕಡೆ. ಮೊಬೈಲುಗಳೂ ಕೆಳಗಿಳಿದವು, ಪರದೆಯಲ್ಲಿ ಬರೀ ಬಿಳಿ ಬರುತ್ತಿದ್ದುದರಿಂದ.

ಇಷ್ಟು ಮೆಚ್ಚಿದ ಮೇಲೆ ಆಕ್ಷೇಪಕ್ಕೆ ಬರುತ್ತೇನೆ. ಒಳಗೆ ಕಲಾವಿದ ನೆಡ್ ಕಾನ್ ಮಾಡಿದ ಒಂದು ಸುಂಟರಗಾಳಿ ಇದೆ. ಕಾನ್ 1980ರ ದಶಕದಲ್ಲಿ ಇದೇ ಸಂಸ್ಥೆಯಲ್ಲಿ ಕೈ ಪಳಗಿಸಿಕೊಂಡವರು. ಕೆಳಗಿನಿಂದ ಮಂಜು, ಮೇಲಿನಿಂದ ಹೀರುವ ಫ್ಯಾನು, ಪಕ್ಕದಿಂದ ತಿರುಗಿಸುವ ಗಾಳಿ. ನಡುವೆ ಆಳೆತ್ತರಕ್ಕೂ ಮೀರಿದ ಬಿಳಿ ಹಗ್ಗವೊಂದು ಹೊಸೆದುಕೊಂಡು ಏಳುತ್ತದೆ. ಕೈ ಹಾಕಿದರೆ ತುಂಡಾಗುತ್ತದೆ. ಕೈ ತೆಗೆದರೆ ಮೆಲ್ಲಗೆ, ತಡವರಿಸಿ, ಮತ್ತೆ ಕೂಡಿಕೊಳ್ಳುತ್ತದೆ. ಆ ಕೂಡಿಕೊಳ್ಳುವುದೇ ಕೃತಿಯ ಜೀವಾಳ. ಒಡೆದ ಸುಳಿ ಯಾವ ಹಟದಿಂದ ಮರಳಿ ಸುಳಿಯಾಗುತ್ತದೆ ಎಂಬುದೇ ಅಲ್ಲಿನ ಭೌತವಿಜ್ಞಾನ, ಅದೇ ಅಲ್ಲಿನ ಕಾವ್ಯ. ಆದರೆ ಆ ಗುರುವಾರ ಹದಿನೈದು ನಿಮಿಷ ನಿಂತರೂ ಸುಳಿ ಒಮ್ಮೆಯೂ ಪೂರ್ತಿ ಎದ್ದದ್ದನ್ನು ನಾನು ಕಾಣಲಿಲ್ಲ. ಒಂದು ಕೈ ಹೊರಗೆ ಬರುವಷ್ಟರಲ್ಲಿ ಇನ್ನೊಂದು ಕೈ ಒಳಗೆ. ಎಲ್ಲರೂ ಮುಟ್ಟಿದರು, ಎಲ್ಲರೂ ಒಡೆದರು, ಯಾರಿಗೂ ಸುಂಟರಗಾಳಿ ಸಿಗಲಿಲ್ಲ.

ಇದು ಆ ಜನರ ಒರಟುತನವೇನೂ ಅಲ್ಲ. ಸಂಜೆಯ ಲೆಕ್ಕವೇ ಹಾಗಿದೆ. ನಾಲ್ಕು ಗಂಟೆ ಎಂದರೆ 240 ನಿಮಿಷ. ಒಳಗಿರುವ ಪ್ರದರ್ಶಿಕೆಗಳು 600ಕ್ಕೂ ಮೇಲೆ. ಎಲ್ಲ ನೋಡುತ್ತೇನೆ ಎಂದು ಹೊರಟರೆ ಒಂದಕ್ಕೆ 24 ಸೆಕೆಂಡು. ಅದರ ಮೇಲೆ ಉಪನ್ಯಾಸಕ್ಕೆ ಓಡಬೇಕು, ಬಾರಿನ ಸಾಲು ನಿಲ್ಲಬೇಕು, ಗೆಳೆಯರೊಡನೆ ಚಿತ್ರ ತೆಗೆಸಿಕೊಳ್ಳಬೇಕು. ಕೈಯಲ್ಲಿ ಗ್ಲಾಸು ಹಿಡಿದವರಿಗೆ ಪ್ರಯೋಗಕ್ಕೆ ಉಳಿಯುವುದು ಒಂದೇ ಕೈ. ಇಲ್ಲಿನ ಒಳ್ಳೆಯ ಪ್ರದರ್ಶಿಕೆಗಳೋ ಎರಡು ಕೈ ಬೇಡುತ್ತವೆ, ಕೆಲವು ಇಬ್ಬರನ್ನೇ ಬೇಡುತ್ತವೆ. ಸದ್ದಿನ ಬಗ್ಗೆ ಇರುವ ಪ್ರದರ್ಶಿಕೆಗಳು ಸದ್ದಿನಲ್ಲೇ ಮುಳುಗಿದ್ದವು. ಫ್ರಾಂಕ್ ತಮ್ಮ ಪ್ರಯೋಗಗಳ ಗ್ರಂಥಾಲಯದಿಂದ ತೆಗೆದು ಹಾಕಿದ್ದ ಗಂಟೆಯನ್ನು ಈ ಸಂಜೆ ಬೇರೆ ವೇಷದಲ್ಲಿ ಮರಳಿ ತಂದಿದೆ.

ಇನ್ನೊಂದು ಆಕ್ಷೇಪ ಬೇರೆ ಜಾತಿಯದು. ಸ್ಕಾಟ್ ವೀವರ್ ಎಂಬವರು 35 ವರ್ಷ ಕೂತು ಒಂದು ಲಕ್ಷಕ್ಕೂ ಹೆಚ್ಚು ಟೂತ್‌ಪಿಕ್‌ಗಳಿಂದ ಕಟ್ಟಿದ ಸ್ಯಾನ್ ಫ್ರಾನ್ಸಿಸ್ಕೋ ನಗರ ಇಲ್ಲಿದೆ. ಪಿಂಗ್‌ಪಾಂಗ್ ಚೆಂಡು ಅದರ ಸೇತುವೆ, ಗೋಪುರಗಳ ನಡುವೆ ಉರುಳುವಂತೆ ದಾರಿಗಳಿವೆ. ಸುತ್ತ ಜನವೋ ಜನ. ಅಸಾಧ್ಯ ತಾಳ್ಮೆಯ ಕೆಲಸ, ಎರಡು ಮಾತಿಲ್ಲ. ಆದರೆ ಅದು ಇಲ್ಲಿ ನಮ್ಮಿಂದ ಕೇಳುವುದು ಚಪ್ಪಾಳೆಯನ್ನು ಮಾತ್ರ. ಮುಟ್ಟುವಂತಿಲ್ಲ, ನಮ್ಮ ಮೇಲೆ ಅದರ ಪರೀಕ್ಷೆಯಿಲ್ಲ, ಅದರ ಮೇಲೆ ನಮ್ಮ ಪರೀಕ್ಷೆಯೂ ಇಲ್ಲ. ಗಣಪತಿ ಹಬ್ಬದಲ್ಲಿ ತೆಂಗಿನಕಾಯಿಯಿಂದಲೋ ನಾಣ್ಯದಿಂದಲೋ ಮಾಡಿದ ವಿಗ್ರಹ ನೋಡಲು ಸಾಲು ನಿಲ್ಲುವ ಬೆರಗೇ ಇದು. ಆ ಬೆರಗನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ಕಮೋಡಿನ ಗುಟುಕು ಎಬ್ಬಿಸುವ ಬೆರಗೇ ಬೇರೆ. ಮೊದಲನೆಯದು ‘ಅಬ್ಬಾ, ಅವನು ಮಾಡಿದ’ ಎನ್ನಿಸುತ್ತದೆ. ಎರಡನೆಯದು ‘ಅರೆ, ನಾನು ಹೀಗಾ’ ಎನ್ನಿಸುತ್ತದೆ. ಕಲೆ ಮತ್ತು ವಿಜ್ಞಾನದ ಹೆಸರಿನ ಸಂಜೆಗಳು ಇವೆರಡನ್ನು ಒಂದೇ ತಟ್ಟೆಯಲ್ಲಿ ಬಡಿಸಿದಾಗ ಮೊದಲನೆಯದು ಎರಡನೆಯದನ್ನು ತಿಂದುಹಾಕುತ್ತದೆ. ಗುಂಪು ಯಾವಾಗಲೂ ‘ಅಬ್ಬಾ’ದ ಕಡೆಗೇ.

ಹಾಗಾದರೆ ತಮ್ಮನ ತಕರಾರು ಸರಿಯೇ? ಇಲ್ಲ. ಮಕ್ಕಳಿಲ್ಲದ ಸಂಜೆ ಬೇಕೇ ಬೇಕು. ಹಗಲಿನಲ್ಲಿ ಇಲ್ಲಿಗೆ ಬರುವ ದೊಡ್ಡವರು ಚೀಲ ಹೊತ್ತು ಬೆಂಚಿನ ಮೇಲೆ ಕೂತಿರುತ್ತಾರೆ, ಕಲಿಕೆಯನ್ನು ಮಕ್ಕಳಿಗೆ ಗುತ್ತಿಗೆ ಕೊಟ್ಟವರ ಹಾಗೆ. ಗುರುವಾರ ಅವರೇ ಮೊಣಕಾಲೂರಿ ಕೂತು ಗಾಲಿ ತಿರುಗಿಸುತ್ತಾರೆ. ತಪ್ಪು ಮಾಡುವುದನ್ನು ಕಚೇರಿಯಲ್ಲಿ ಮರೆತವರು ಇಲ್ಲಿ ಅಪರಿಚಿತರ ಮುಂದೆ ತಪ್ಪುತ್ತಾರೆ, ನಗುತ್ತಾರೆ, ಮತ್ತೆ ಮಾಡುತ್ತಾರೆ. ಟಿಕೆಟ್ಟು 20 ಡಾಲರಿನ ಆಸುಪಾಸು. ಹಗಲಿನ ದರಕ್ಕಿಂತ ಕಡಿಮೆಯೇ. ಗ್ಲಾಸಿನ ಆಸೆ ತೋರಿಸಿಯಾದರೂ ದೊಡ್ಡವರನ್ನು ಆಟಕ್ಕೆ ಎಳೆದದ್ದು ಸಣ್ಣ ಸಾಧನೆಯಲ್ಲ. ನನ್ನ ದೂರು ಇಷ್ಟೇ: ಎಳೆದು ತಂದವರನ್ನು ಒಂದು ಕಡೆ ನಿಲ್ಲಿಸುವ ಉಪಾಯವನ್ನು ಆ ಸಂಜೆ ಮಾಡುವುದಿಲ್ಲ. ವಾರಕ್ಕೊಂದು ವಿಷಯದ ಬದಲು ವಾರಕ್ಕೆ ಹತ್ತೇ ಪ್ರದರ್ಶಿಕೆಗಳ ಮೇಲೆ ಬೆಳಕು ಬಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿ, ಉಳಿದವನ್ನು ಮಬ್ಬಿನಲ್ಲಿ ಬಿಟ್ಟರೆ ಏನಾದೀತು? ಮಾಡಿ ನೋಡಬಹುದು. ಕತ್ತಲಾದ ಮೇಲೆ ಎಂಬ ಹೆಸರಿಗೂ ಆಗ ಅರ್ಥ ಬರುತ್ತದೆ. ಕತ್ತಲೆಯನ್ನೇ ಬಂಡವಾಳ ಮಾಡಿಕೊಂಡ ಕೃತಿ ಅವರ ಮನೆಯಲ್ಲೇ 1971ರಿಂದ ಇದೆ: ಆಗಸ್ಟ್ ಕೊಪೊಲಾರ ‘ಟ್ಯಾಕ್ಟೈಲ್ ಡೋಮ್’. ಒಂದಿಷ್ಟೂ ಬೆಳಕಿಲ್ಲದಲ್ಲಿ ಕೈಯನ್ನೇ ಕಣ್ಣು ಮಾಡಿಕೊಂಡು ತೆವಳುವ ದಾರಿ. ಅದಕ್ಕೆ ಬೇರೆಯೇ ಟಿಕೆಟ್ಟು.

ಬೆಂಗಳೂರಿನವನಾಗಿ ಎರಡು ಮಾತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯವನ್ನು ನೆಹರೂ ಉದ್ಘಾಟಿಸಿದ್ದು 1962ರಲ್ಲಿ, ಎಕ್ಸ್‌ಪ್ಲೊರೇಟೋರಿಯಂ ಹುಟ್ಟುವುದಕ್ಕೂ ಏಳು ವರ್ಷ ಮುಂಚೆ. ನಮ್ಮ ತಲೆಮಾರಿಗೆ ಮುಟ್ಟುವ ವಿಜ್ಞಾನ ಸಿಕ್ಕಿದ್ದು ಅಲ್ಲಿಯೇ. ಆದರೆ ಆ ಕಾಲದ ಸಂಗ್ರಹಾಲಯಗಳಲ್ಲಿ, ಇಲ್ಲಾಗಲಿ ಯುರೋಪಿನಲ್ಲಾಗಲಿ, ಮುಟ್ಟುವುದೆಂದರೆ ಹೆಚ್ಚಾಗಿ ಗುಂಡಿ ಒತ್ತುವುದು. ಒತ್ತಿದರೆ ಯಂತ್ರ ಮಾಡುತ್ತದೆ, ನಾವು ನಿಂತಿರುತ್ತೇವೆ. ಒತ್ತುವುದರಲ್ಲಿ ಸೋಲಿಲ್ಲ, ಆದ್ದರಿಂದ ಪರೀಕ್ಷೆಯೂ ಇಲ್ಲ. 2024ರಲ್ಲಿ ಬಾಗಿಲು ತೆರೆದ ಸೈನ್ಸ್ ಗ್ಯಾಲರಿ ಬೆಂಗಳೂರು ಇನ್ನೊಂದು ದಾರಿ ಹಿಡಿದಿದೆ. ಇಂಗಾಲದ ಮೇಲಿನ ಮೊದಲ ಪ್ರದರ್ಶನ ತಿಂಗಳುಗಟ್ಟಲೆ ನಡೆಯಿತು, ಪ್ರವೇಶ ಉಚಿತ, ಕೃತಿಗಳ ಪಕ್ಕ ನಿಂತ ಎಳೆಯರು ಪಾಠ ಒಪ್ಪಿಸದೆ ಹರಟೆಗೆ ಎಳೆಯುತ್ತಾರೆ. ಅಲ್ಲಿ ಕಾದು ನೋಡಲು ಜಾಗ ಧಾರಾಳವಾಗಿದೆ, ಮುಟ್ಟಿ ನೋಡಲು ಇನ್ನಷ್ಟು ಇದ್ದಿದ್ದರೆ ಎಂದು ನನಗೆ ಅನ್ನಿಸಿದೆ. ಇವರಲ್ಲಿ ಹೆಚ್ಚಿದ್ದು ಅವರಲ್ಲಿ ಕಡಿಮೆ. ಎರಡೂ ಊರಿನವರು ಕೂತು ಮಾತಾಡಿದರೆ ಚೆನ್ನ.

ಹೊರಡುವ ಹೊತ್ತಿಗೆ ಹತ್ತಕ್ಕೆ ಐದು ನಿಮಿಷವಿತ್ತು. ಸುಂಟರಗಾಳಿಯ ಹತ್ತಿರ ಇನ್ನೊಮ್ಮೆ ಹೋದೆ. ಆಗಲೂ ಇಬ್ಬರು ಕೈ ಹಾಕಿದ್ದರು.

ಮೂರು ದಿನ ಬಿಟ್ಟು ತಮ್ಮನನ್ನು ಹೊರಡಿಸಿಕೊಂಡು ಅದೇ ಸಂಗ್ರಹಾಲಯದ ಇನ್ನೊಂದು ಕೃತಿ ನೋಡಲು ಹೋದೆ. ‘ವೇವ್ ಆರ್ಗನ್’, 1986ರದ್ದು. ಪೀಟರ್ ರಿಚರ್ಡ್ಸ್ ಕಲ್ಪಿಸಿ, ಕಲ್ಲುಕುಟಿಗ ಜಾರ್ಜ್ ಗೊನ್ಸಾಲೆಸ್ ಜೊತೆ ಸೇರಿ ಕಟ್ಟಿದ್ದು. ಕೊಲ್ಲಿಗೆ ಚಾಚಿದ ಒಂದು ಕಲ್ಲುಕಟ್ಟೆಯ ತುದಿಯಲ್ಲಿ, ಕಿತ್ತುಹಾಕಿದ ಸ್ಮಶಾನವೊಂದರ ಅಮೃತಶಿಲೆ, ಗ್ರಾನೈಟುಗಳ ನಡುವೆ ಕೊಳವೆಗಳನ್ನು ನೀರಿಗಿಳಿಸಿದ್ದಾರೆ. ಟಿಕೆಟ್ಟಿಲ್ಲ, ಬಾಗಿಲಿಲ್ಲ, ಬಾರಂತೂ ಇಲ್ಲ. ಅಲೆ ಕೊಳವೆಯೊಳಗೆ ನುಗ್ಗಿದಾಗ, ಹಿಂದೆ ಸರಿದಾಗ, ಅದರ ಸದ್ದು ಮೇಲೆ ಬರುತ್ತದೆ. ಉಬ್ಬರವಿದ್ದಾಗ ಹೆಚ್ಚು ಕೇಳುತ್ತದೆ; ನಾವು ಹೋದಾಗ ಇಳಿತ. ತಮ್ಮ ಒಂದು ಕೊಳವೆಗೆ ಕಿವಿಯಿಟ್ಟು ‘ಏನೂ ಇಲ್ಲ’ ಎಂದ. ಕಲ್ಲಿನ ಮೇಲೆ ಕೂತೆವು. ಊರಿನ ಮಾತು, ಆಸ್ತಿಯ ಮಾತು, ಅಮ್ಮನ ಮೊಣಕಾಲಿನ ಮಾತು ಮುಗಿಯುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿತ್ತು, ನೀರು ಏರತೊಡಗಿತ್ತು. ತಮ್ಮ ತಾನಾಗಿ ಎದ್ದು ಹೋಗಿ ಮತ್ತೆ ಬಗ್ಗಿದ. ಬಾಯಿ ತೆರೆಯಲಿಲ್ಲ, ಕೈಯೆತ್ತಿ ನನ್ನನ್ನು ಸುಮ್ಮನಿರು ಎಂದ.